ಪತ್ರಕರ್ತನ ಅಂಕಿತ

ಹೋದ ತಿಂಗಳು ತರಗತಿಯಲ್ಲಿ ವಚನಗಳ ಅಂಕಿತದ ವಿಚಾರ ನಡೆದಿತ್ತು. ಬಸವಣ್ಣನವರು ಕೂಡಲಸಂಗಮದೇವನ ಹೆಸರಿನಲ್ಲಿ, ಅಕ್ಕಮಹಾದೇವಿಯವರು ಚೆನ್ನಮಲ್ಲಿಕಾರ್ಜುನನ ಹೆಸರಿನಲ್ಲಿ ತಮ್ಮ ಮಾತನ್ನು ಮುಗಿಸುತ್ತಾರೆ. ಬರೆದವರ ಹೆಸರು ಎಲ್ಲಿಯೂ ಇಲ್ಲದಿದ್ದರೂ ಬರೆದವರು ಯಾರೆಂದು ತಿಳಿಯುತ್ತದೆ. ತನ್ನ ಹೆಸರನ್ನು ಹಿಂದಕ್ಕೆ ಸರಿಸಿ ತಾನು ನಂಬಿದ ದೈವದ ಹೆಸರನ್ನು ಮುಂದಿಡುವುದು ನಮ್ಮಲ್ಲಿ ನಡೆದುಬಂದ ವಾಡಿಕೆ - ಹೀಗೆಂದು ನಾನು ಪ್ರತಿವರ್ಷದ ಪಾಠವನ್ನು ಒಪ್ಪಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಹುಡುಗನೊಬ್ಬ ಎದ್ದು, “ಸಾರ್, ಹಾಗಾದ್ರೆ ಪೇಪರಿನ ಸಂಪಾದಕೀಯಕ್ಕೆ ಅಂಕಿತ ಯಾಕಿಲ್ಲ? ಪಕ್ಕದ ಅಂಕಣಕ್ಕೆ ಹೆಸರೂ ಇರುತ್ತೆ, ಫೋಟೋನೂ ಇರುತ್ತೆ” ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ಗಂಟೆ ಹೊಡೆದದ್ದರಿಂದ ಬಚಾವಾದೆನೆನ್ನಬೇಕು. ಆದರೆ ಆ ಪ್ರಶ್ನೆ ನನ್ನ ಬೆನ್ನು ಹತ್ತಿ ಮನೆಯವರೆಗೂ ಬಂತು.

ಆಮೇಲೆ ಪುಸ್ತಕಗಳನ್ನು ತೆಗೆದು ನೋಡುತ್ತ ಹೋದಂತೆ ಒಂದು ವಿಷಯ ಮನಸ್ಸಿಗೆ ಬಂತು. ಪತ್ರಿಕೆಗೆ ಬರೆಯುವ ಕೆಲಸ ಎಲ್ಲ ದೇಶದಲ್ಲಿಯೂ ಒಂದೇ ಎಂದು ನಾವು ತಿಳಿಯುತ್ತೇವೆ. ಕಾಗದ ಒಂದೇ, ಮಸಿ ಒಂದೇ; ಆದರೆ ಬರೆಯುವವನು ಒಂದೇ ಅಲ್ಲ. ಒಂದು ನಾಡಿನಲ್ಲಿ ಅವನು ಹೆಸರಿಲ್ಲದ ಮಂತ್ರಿ, ಮತ್ತೊಂದರಲ್ಲಿ ಸಾಹಿತಿ, ಇನ್ನೊಂದರಲ್ಲಿ ಸುದ್ದಿಯ ಕಸುಬುದಾರ, ನಮ್ಮಲ್ಲಿ ಬಹುಕಾಲ ಅವನು ಆರೋಪಿ. ಈ ಭೇದವನ್ನು ಅಳೆಯುವುದಕ್ಕೆ ಅವನ ಹೆಸರಿಗಿಂತ ಒಳ್ಳೆಯ ಅಳತೆಗೋಲು ನನಗೆ ಕಾಣಲಿಲ್ಲ. ಆ ಹೆಸರನ್ನು ಕೇಳಿದವರು ಯಾರು, ಕೊಟ್ಟವನು ಯಾಕೆ ಕೊಟ್ಟ, ಕೊಡದವನು ಯಾಕೆ ಕೊಡಲಿಲ್ಲ?

ಇಂಗ್ಲೆಂಡಿನಿಂದ ಆರಂಭಿಸುವುದು ಮೇಲು; ನಮ್ಮ ಪತ್ರಿಕೆಗಳು ಸಂಪಾದಕೀಯದ ಧಾಟಿಯನ್ನು ಕಲಿತದ್ದು ಅಲ್ಲಿಂದ. ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ 1841ರಲ್ಲಿ ಸಂಪಾದಕನಾದ ಜಾನ್ ಡಿಲೇನನಿಗೆ ಆಗ 23 ವರ್ಷ. ನಮ್ಮಲ್ಲಿ ಎಂ.ಎ. ಮುಗಿಸಿ ಕೆಲಸ ಹುಡುಕುವ ವಯಸ್ಸು. 1877ರವರೆಗೆ ಅವನು ಆ ಕುರ್ಚಿಯನ್ನು ಬಿಡಲಿಲ್ಲ. ಮಂತ್ರಿಗಳ ಮನೆಯ ಔತಣಗಳಿಗೆ ಹೋಗುತ್ತಿದ್ದ, ಅವರ ಗುಟ್ಟುಗಳನ್ನು ಕೇಳಿಕೊಂಡು ಬರುತ್ತಿದ್ದ. ಆದರೆ ಪತ್ರಿಕೆಯಲ್ಲಿ ಅವನ ಹೆಸರು ಕಾಣದು. ಅಲ್ಲಿ ಮಾತನಾಡುತ್ತಿದ್ದದ್ದು ‘ನಾವು’. ಈ ‘ನಾವು’ ಯಾರು ಎಂದು ಕೇಳುವುದು ಅಸಭ್ಯತೆಯೆಂದೇ ಆ ಕಾಲದವರು ಭಾವಿಸಿದ್ದರು.

1852ರ ಫೆಬ್ರವರಿಯಲ್ಲಿ ಲಾರ್ಡ್ ಡರ್ಬಿ ಈ ‘ನಾವು’ವಿನ ಮೇಲೆ ಹರಿಹಾಯ್ದರು. ಹಿಂದಿನ ಡಿಸೆಂಬರಿನಲ್ಲಿ ಲೂಯಿ ನೆಪೋಲಿಯನ್ ಫ್ರಾನ್ಸಿನ ಅಧಿಕಾರವನ್ನು ಬಲಾತ್ಕಾರದಿಂದ ಕಸಿದುಕೊಂಡಿದ್ದ. ‘ಟೈಮ್ಸ್’ ಅವನನ್ನು ಬಿಡದೆ ಝಾಡಿಸುತ್ತಿತ್ತು. ರಾಜಕಾರಣಿಗಳಿಗಿರುವಷ್ಟು ಪ್ರಭಾವ ತಮಗೂ ಬೇಕೆನ್ನುವ ಪತ್ರಿಕೆಗಳು ರಾಜಕಾರಣಿಗಳ ಹೊಣೆಯನ್ನೂ ಹೊರಬೇಕೆಂಬುದು ಡರ್ಬಿಯವರ ವಾದ. ಪತ್ರಿಕೆ ಎರಡು ದಿನ ಸಾಲಾಗಿ ಉತ್ತರ ಕೊಟ್ಟಿತು: ರಾಜನೀತಿಜ್ಞನ ಕೆಲಸವೇ ಬೇರೆ, ನಮ್ಮ ಕೆಲಸವೇ ಬೇರೆ; ಆತ ಸುದ್ದಿಯನ್ನು ಮುಚ್ಚಿಟ್ಟು ಬದುಕುವವನು, ನಾವು ಬಿಚ್ಚಿಟ್ಟು ಬದುಕುವವರು - ಸಾರಾಂಶವಾಗಿ ಹೇಳಿದರೆ ಅದು ಇಷ್ಟು. ಪತ್ರಕರ್ತನ ಧರ್ಮವನ್ನು ಇಷ್ಟು ಚೊಕ್ಕಟವಾಗಿ ಹೇಳಿದ ಬರಹಗಳು ಕಡಮೆ. ಆದರೆ ಅವಕ್ಕೂ ಅಂಕಿತವಿಲ್ಲ! ಬರೆದವರು ರಾಬರ್ಟ್ ಲೋ ಮತ್ತು ಹೆನ್ರಿ ರೀವ್ ಎಂದು ಹೊರಗೆ ಬಂದದ್ದು ಆಮೇಲೆ. ಅದರಲ್ಲೊಂದು ತಮಾಷೆಯೂ ಇದೆ. ರಾಜಕಾರಣಿಗೂ ಪತ್ರಕರ್ತನಿಗೂ ಸಂಬಂಧವಿಲ್ಲವೆಂದು ವಾದಿಸಿದ ಲೋ ಮಹಾಶಯರು ಅದೇ ವರ್ಷ ಪಾರ್ಲಿಮೆಂಟಿನ ಸದಸ್ಯರಾದರು. ಸರಕಾರದ ಹುದ್ದೆಗಳನ್ನು ಹಿಡಿದರು. ಹಿಡಿದೂ ‘ಟೈಮ್ಸ್’ಗೆ ಅಗ್ರಲೇಖನ ಬರೆಯುವುದನ್ನು ಬಿಡಲಿಲ್ಲ. 1868ರಲ್ಲಿ ಗ್ಲಾಡ್‌ಸ್ಟನ್ನರ ಮಂತ್ರಿಮಂಡಲದಲ್ಲಿ ಹಣಕಾಸಿನ ಮಂತ್ರಿಯಾದಾಗ ಆ ಬರವಣಿಗೆ ನಿಂತಿತು. ಹೆಸರಿಲ್ಲದಿರುವುದು ವಿನಯವೂ ಆಗಬಹುದು, ಮುಸುಕೂ ಆಗಬಹುದು.

ಆದರೂ ಆ ಪದ್ಧತಿಯನ್ನು ಹಗುರವಾಗಿ ಕಾಣಲಾರೆ. ಕ್ರಿಮಿಯದ ಯುದ್ಧರಂಗದಿಂದ 1854ರಲ್ಲಿ ವಿಲಿಯಂ ಹೋವರ್ಡ್ ರಸೆಲ್ ಬರೆದ ವರದಿಗಳ ತಲೆಯ ಮೇಲೆ ಇದ್ದದ್ದು ‘ನಮ್ಮ ಬಾತ್ಮೀದಾರರಿಂದ’ ಎಂಬಂಥ ಒಕ್ಕಣೆಯಷ್ಟೆ. ಗಾಯಾಳು ಸಿಪಾಯಿಗಳು ಔಷಧವಿಲ್ಲದೆ, ಹಾಸಿಗೆಯಿಲ್ಲದೆ ಸಾಯುತ್ತಿರುವುದನ್ನು ಆತ ಬರೆದ. ದೇಶ ಕೆರಳಿತು, 1855ರ ಆರಂಭದಲ್ಲಿ ಅಬರ್ಡೀನರ ಮಂತ್ರಿಮಂಡಲ ಉರುಳಿತು. ಇದೇ ರಸೆಲ್ 1858ರಲ್ಲಿ ನಮ್ಮ ದೇಶಕ್ಕೂ ಬಂದಿದ್ದ. ಲಖನೌ ಪತನವನ್ನು ಕಣ್ಣಾರೆ ಕಂಡ. ತನ್ನವರೇ ನಡೆಸುತ್ತಿದ್ದ ಸೇಡಿನ ಕೊಲೆಗಳನ್ನು ಖಂಡಿಸಿ ಬರೆದ. ಒಬ್ಬ ಮನುಷ್ಯ ಹೇಳಿದ್ದರೆ ಅವನ ಬಾಯಿ ಮುಚ್ಚಿಸಬಹುದಿತ್ತು; ಹೇಳಿದ್ದು ‘ಟೈಮ್ಸ್’. ನಮ್ಮ ವಚನಕಾರರ ಅಂಕಿತದ ಬಲ ಇದಕ್ಕೆ ಹತ್ತಿರವಾದದ್ದು ಎಂದು ನನಗನ್ನಿಸುತ್ತದೆ: ಮಾತು ನನ್ನದಲ್ಲ, ನನಗಿಂತ ದೊಡ್ಡದಾದ ಇನ್ನೊಂದರದು. ದೈವದ ಜಾಗದಲ್ಲಿ ಪತ್ರಿಕೆಯ ಹೆಸರು ಬಂತು, ಅಷ್ಟೆ. ಹೋಲಿಕೆಯನ್ನು ಇದಕ್ಕಿಂತ ಎಳೆದರೆ ಹರಿದೀತು.

ಇಂಗ್ಲಿಷರು ಹೆಸರನ್ನು ಬಚ್ಚಿಟ್ಟ ಕಾಲದಲ್ಲಿಯೇ ನಡುವಿನ ಕಡಲ್ಗಾಲುವೆಯ ಆಚೆಗೆ ಫ್ರೆಂಚರು ಹೆಸರಿಗಾಗಿ ಪ್ರಾಣ ಕೊಡುತ್ತಿದ್ದರು. ಇದು ಅಲಂಕಾರದ ಮಾತಲ್ಲ. 1836ರಲ್ಲಿ ಎಮಿಲ್ ದ ಜಿರಾರ್ಡಿನ್ ಎಂಬವನು ‘ಲಾ ಪ್ರೆಸ್’ ಎಂಬ ದಿನಪತ್ರಿಕೆಯನ್ನು ಹೊರಡಿಸಿದ. ಉಳಿದ ಪತ್ರಿಕೆಗಳ ವರ್ಷದ ಚಂದಾ 80 ಫ್ರಾಂಕ್; ಇವನದು 40. ಜಾಹೀರಾತಿನಿಂದ ಕೊರತೆ ತುಂಬಿಕೊಳ್ಳುವುದು ಇವನ ಲೆಕ್ಕ. ಪತ್ರಿಕೆಯನ್ನು ಅಂಗಡಿ ಮಾಡಿದನೆಂದು ಹಳಬರು ಸಿಟ್ಟಾದರು. ‘ಲೆ ನ್ಯಾಷನಲ್’ ಪತ್ರಿಕೆಯ ಸಂಪಾದಕ ಅರ್ಮಾನ್ ಕಾರೆಲನಿಗೂ ಇವನಿಗೂ ಮಾತಿಗೆ ಮಾತು ಬೆಳೆದು, ಜುಲೈ 22ರಂದು ಇಬ್ಬರೂ ಪಿಸ್ತೂಲು ಹಿಡಿದು ಎದುರುಬದುರು ನಿಂತರು. ಜಿರಾರ್ಡಿನನ ತೊಡೆಗೆ ಗುಂಡು ತಗಲಿತು, ಕಾರೆಲನ ಹೊಟ್ಟೆಗೆ. ಎರಡು ದಿನ ನರಳಿ ಕಾರೆಲ್ ಸತ್ತ. ಚಂದಾದರದ ವಿವಾದ ಮಾನದ ಪ್ರಶ್ನೆಯಾಗಿ ಒಬ್ಬ ಸಂಪಾದಕನ ಜೀವವನ್ನು ತೆಗೆದುಕೊಂಡಿತು. ಅಲ್ಲಿಯ ಪತ್ರಕರ್ತನಿಗೆ ತನ್ನ ಮಾತು ಎಂದರೆ ತನ್ನ ಮರ್ಯಾದೆ.

ಹೀಗಿದ್ದರೂ ಫ್ರಾನ್ಸಿನಲ್ಲಿ ಎಲ್ಲ ಲೇಖನಗಳಿಗೂ ಸಹಿ ಬಂದದ್ದು ಮಾನದ ಹಂಬಲದಿಂದಲ್ಲ, ಕಾಯಿದೆಯ ಒತ್ತಾಯದಿಂದ. 1850ರ ಜುಲೈ 16ರ ಕಾನೂನಿನಲ್ಲಿ ಸಂಪ್ರದಾಯವಾದಿ ಸದಸ್ಯರು ಒಂದು ತಿದ್ದುಪಡಿಯನ್ನು ಸೇರಿಸಿದರು: ರಾಜಕೀಯ, ತತ್ತ್ವ, ಮತಧರ್ಮ ಇವುಗಳನ್ನು ಚರ್ಚಿಸುವ ಪ್ರತಿಯೊಂದು ಲೇಖನಕ್ಕೂ ಬರೆದವನ ಸಹಿ ಇರಬೇಕು. ಪತ್ರಿಕೆಯ ‘ನಾವು’ ಎಂಬ ಭೂತವನ್ನು ಬಿಡಿಸಿ, ಒಳಗಿರುವ ಬಡಪಾಯಿ ಬರಹಗಾರನನ್ನು ಹೊರಗೆಳೆದು ನಿಲ್ಲಿಸಿದರೆ ಜನ ಅವನಿಗೆ ಹೆದರುವುದಿಲ್ಲ ಎಂಬುದು ಅವರ ಎಣಿಕೆ. ಎಣಿಕೆ ತಲೆಕೆಳಗಾಯಿತು. ಹೊರಗೆ ಬಂದ ಬಡಪಾಯಿಗಳು ಪ್ರಸಿದ್ಧರಾದರು. ಓದುಗರು ಪತ್ರಿಕೆಯನ್ನು ಕೊಳ್ಳದೆ ಹೆಸರನ್ನು ಕೊಳ್ಳತೊಡಗಿದರು.

ಆ ಹೆಸರಿನ ಬೆಲೆ ಎಷ್ಟೆಂಬುದು 1898ರ ಜನವರಿ 13ರಂದು ತಿಳಿಯಿತು. ದ್ರೈಫಸ್ ಎಂಬ ಯೆಹೂದಿ ಸೈನ್ಯಾಧಿಕಾರಿಯನ್ನು ದೇಶದ್ರೋಹಿಯೆಂದು ಸುಳ್ಳಾಗಿ ಶಿಕ್ಷಿಸಿ ದ್ವೀಪಕ್ಕೆ ಅಟ್ಟಿದ್ದರು. ಕಾದಂಬರಿಕಾರ ಎಮಿಲ್ ಜೋಲಾ ರಾಷ್ಟ್ರಾಧ್ಯಕ್ಷರಿಗೆ ಬರೆದ ಬಹಿರಂಗ ಪತ್ರವನ್ನು ‘ಲೋರೋರ್’ ಪತ್ರಿಕೆ ಮೊದಲ ಪುಟದಲ್ಲಿ ಅಚ್ಚುಹಾಕಿತು. ತಲೆಬರಹ ಕೊಟ್ಟವರು ಮುಂದೆ ಪ್ರಧಾನಿಯಾದ ಕ್ಲೆಮಾನ್ಸೊ. ಸೇನಾಪತಿಗಳ ಹೆಸರನ್ನು ಹಿಡಿದು ಆರೋಪ ಹೊರಿಸಿದ್ದ ಆ ಲೇಖನ ಸಹಿಯಿಲ್ಲದೆ ಬಂದಿದ್ದರೆ ಅದು ಹತ್ತರಲ್ಲಿ ಹನ್ನೊಂದಾಗುತ್ತಿತ್ತು. ತನ್ನ ಮೇಲೆ ಮೊಕದ್ದಮೆ ಹೂಡಲಿ, ನ್ಯಾಯಾಲಯದಲ್ಲಿ ಸತ್ಯ ಹೊರಬರಲಿ ಎಂದೇ ಜೋಲಾ ಹೆಸರು ಹಾಕಿದ್ದ. ಮೊಕದ್ದಮೆ ಹೂಡಿದರು, ಒಂದು ವರ್ಷ ಸಜೆ, 3,000 ಫ್ರಾಂಕ್ ದಂಡ. ಜೋಲಾ ಇಂಗ್ಲೆಂಡಿಗೆ ತಪ್ಪಿಸಿಕೊಂಡು ಹೋಗಬೇಕಾಯಿತು. ದ್ರೈಫಸ್ ನಿರ್ದೋಷಿಯೆಂದು ತೀರ್ಪಾದದ್ದು 1906ರಲ್ಲಿ. ಅಷ್ಟು ಹೊತ್ತಿಗೆ ಜೋಲಾ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಹೆಸರಿಗಾಗಿ ಕಾಯಿದೆ ಬಂದಾಗ ಎಲ್ಲರೂ ಜೋಲಾಗಳಾಗಲಿಲ್ಲ. ಜರ್ಮನಿಯ ಕಥೆ ಕೇಳಿ. 1874ರ ಮುದ್ರಣ ಶಾಸನ ಪ್ರತಿಯೊಂದು ಪತ್ರಿಕೆಗೂ ‘ಹೊಣೆಗಾರ ಸಂಪಾದಕ’ನೊಬ್ಬನಿರಬೇಕು, ಅವನ ಹೆಸರು ಅಚ್ಚಾಗಬೇಕು ಎಂದಿತು. ಪತ್ರಿಕೆಗಳವರು ಜಾಣರು. ಬರೆಯುವವನು ಒಬ್ಬ, ಹೆಸರಿಗೆ ಇನ್ನೊಬ್ಬ. ಬರಹಕ್ಕೆ ಶಿಕ್ಷೆಯಾದಾಗ ಈ ಎರಡನೆಯವನು ಹೋಗಿ ಜೈಲಿನಲ್ಲಿ ಕೂರುವುದು, ಮೊದಲನೆಯವನು ಮುಂದಿನ ಲೇಖನ ಬರೆಯುವುದು. ಜರ್ಮನರು ಇವನಿಗಿಟ್ಟ ಹೆಸರನ್ನು ಕನ್ನಡಕ್ಕೆ ತಂದರೆ ‘ಕೂರುವ ಸಂಪಾದಕ’ ಎಂದಾಗುತ್ತದೆ. ನಗೆ ಬರುತ್ತದೆ ನಿಜ. ಆದರೆ ಸಮಾಜವಾದಿಗಳ ಬಡ ಪತ್ರಿಕೆಗಳು ಬದುಕಿಕೊಂಡದ್ದರಲ್ಲಿ ಹೀಗೆ ಕೂತವರ ಪಾಲು ಸಣ್ಣದಲ್ಲ. ಜಪಾನಿನಲ್ಲಿ 1875ರ ಪತ್ರಿಕಾ ಕಾಯಿದೆ ಬಂದಾಗಲೂ ಇಂಥ ಬದಲಿ ಸಂಪಾದಕರು ಹುಟ್ಟಿಕೊಂಡರು.

ಅಮೆರಿಕದಲ್ಲಿ ಹೆಸರು ಕೇಳಿದವನು ಒಬ್ಬ ಸೇನಾಪತಿ. ಅಂತರ್ಯುದ್ಧದ ಕಾಲದಲ್ಲಿ ತಂತಿಯ ಮೂಲಕ ಸುದ್ದಿ ಹಾರುತ್ತಿತ್ತು. ಸೈನ್ಯ ಎಲ್ಲಿದೆ ಎಂಬುದನ್ನು ಶತ್ರು ಪತ್ರಿಕೆಯಲ್ಲಿಯೇ ಓದಿಕೊಳ್ಳುವ ಹಾಗಾಯಿತು. ಜನರಲ್ ಜೋಸೆಫ್ ಹೂಕರ್ 1863ರಲ್ಲಿ, ತನ್ನ ಸೈನ್ಯದ ಜೊತೆಗಿರುವ ಬಾತ್ಮೀದಾರರು ಪ್ರತಿಯೊಂದು ವರದಿಗೂ ಹೆಸರು ಹಾಕತಕ್ಕದ್ದು ಎಂದು ಅಪ್ಪಣೆ ಹೊರಡಿಸಿದ. ತಪ್ಪು ಮಾಡಿದವನನ್ನು ಹಿಡಿಯುವುದಕ್ಕೆ, ಅಷ್ಟೆ. ಅದೇ ವಾಡಿಕೆ ಮುಂದೆ ವರದಿಗಾರನ ಬಹುಮಾನವಾಯಿತು. ಅಲ್ಲಿಯ ಪತ್ರಕರ್ತ ಮೊದಲಿನಿಂದಲೂ ಬೀದಿಯವನು. 1833ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಸೆಂಟಿನ ‘ಸನ್’ ಪತ್ರಿಕೆ ಬಂದ ಮೇಲೆ ಪೋಲೀಸ್ ಕಛೇರಿ, ಕೋರ್ಟಿನ ಕಟಕಟೆ, ಬೆಂಕಿ ಬಿದ್ದ ಮನೆ ಇವೇ ಅವನ ಕ್ಷೇತ್ರಗಳಾದವು. ಅವನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಯಾರು, ಏನು, ಎಲ್ಲಿ, ಯಾವಾಗ - ಇಷ್ಟು ತಂದು ಹಾಕು ಎನ್ನುತ್ತಾರೆ. ಇಂಥ ಕಸುಬನ್ನು ಕಲಿಸಬಹುದೆಂದು ನಂಬಿದವರೂ ಅವರೇ. 1908ರ ಸೆಪ್ಟೆಂಬರಿನಲ್ಲಿ ಮಿಸೌರಿ ವಿಶ್ವವಿದ್ಯಾನಿಲಯ ಪತ್ರಿಕಾವೃತ್ತಿಯ ಶಾಲೆಯೊಂದನ್ನು ತೆರೆದು ಪಾಠ ಆರಂಭಿಸಿತು.

ಅದೇ ಸೆಪ್ಟೆಂಬರಿನಲ್ಲಿ ನಮ್ಮ ದೇಶದ ಒಬ್ಬ ಸಂಪಾದಕರನ್ನು ಸಾಬರಮತಿ ಜೈಲಿನಿಂದ ಹೊರಡಿಸಿ, ಹಡಗು ಹತ್ತಿಸಿ, ಬರ್ಮಾದೇಶದ ಮಂಡಾಲೆಗೆ ಸಾಗಿಸಿದರು. ‘ಕೇಸರಿ’ಯ ಬಾಲಗಂಗಾಧರ ತಿಲಕರು. ಒಂದೇ ತಿಂಗಳು, ಒಂದೇ ವೃತ್ತಿ. ಅಲ್ಲಿ ಶಾಲೆ, ಇಲ್ಲಿ ಸೆರೆಮನೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂತೆ.

ನಮ್ಮಲ್ಲಿ ಹೆಸರು ಕೇಳಿದ್ದು 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆ. ಮುದ್ರಕ ಯಾರು, ಪ್ರಕಾಶಕ ಯಾರು ಎಂದು ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಕೊಡಬೇಕು. ಆ ಘೋಷಣೆಯ ಪ್ರತಿಯೊಂದಿದ್ದರೆ ಸಾಕು, ಪತ್ರಿಕೆಯಲ್ಲಿ ಅಚ್ಚಾದ ಪ್ರತಿಯೊಂದು ಸಾಲಿಗೂ ಆತ ಹೊಣೆಯೆಂದು ನ್ಯಾಯಾಲಯ ಹಿಡಿಯಬಹುದು. ಸಂಪಾದಕನ ಹೆಸರೂ ಅಚ್ಚಾಗಬೇಕೆಂದು 1922ರ ತಿದ್ದುಪಡಿ ಸೇರಿಸಿತು. ಈ ಹಗ್ಗ ತಿಲಕರ ಕೊರಳಿಗೆ ಮೊದಲು ಬಿದ್ದದ್ದು 1897ರಲ್ಲಿ. ಆಗ ಆಕ್ಷೇಪಕ್ಕೆ ಗುರಿಯಾದ ಪದ್ಯಕ್ಕೆ ಇದ್ದದ್ದು ಒಂದು ಕಾವ್ಯನಾಮ. ಬರೆದವನು ಯಾರೋ ಎಂದು ಜಾರಿಕೊಳ್ಳಬಹುದಿತ್ತು. ಕ್ಷಮೆ ಕೇಳಿದರೆ ಬಿಡುಗಡೆಯಾದೀತೆಂದು ಹಿತೈಷಿಗಳು ಸೂಚಿಸಿಯೂ ಇದ್ದರು. ತಿಲಕರು ಎರಡಕ್ಕೂ ಒಪ್ಪದೆ ಹದಿನೆಂಟು ತಿಂಗಳ ಕಠಿಣ ಸಜೆಗೆ ಹೋದರು. 1908ರಲ್ಲಿ ತಾವೇ ವಾದಿಸಿದರು. ಜ್ಯೂರಿಯ ಒಂಬತ್ತು ಮಂದಿಯಲ್ಲಿ ಏಳು ಮಂದಿ ದೋಷಿಯೆಂದರು, ಇಬ್ಬರು ಅಲ್ಲವೆಂದರು. ಜುಲೈ 22ರ ರಾತ್ರಿ ನ್ಯಾಯಮೂರ್ತಿ ದಾವರರು ಆರು ವರ್ಷದ ಗಡೀಪಾರು ವಿಧಿಸಿದರು. ಜರ್ಮನಿಯ ಸಂಪಾದಕ ತನ್ನ ಬದಲು ಇನ್ನೊಬ್ಬನನ್ನು ಕೂರಿಸಿದ. ತಿಲಕರು ಇನ್ನೊಬ್ಬನ ಬದಲು ತಾವು ಹೋಗಿ ಕೂತರು.

ಇವರೊಬ್ಬರೇ ಅಲ್ಲ. ಅಲಹಾಬಾದಿನಲ್ಲಿ 1907ರಲ್ಲಿ ಹುಟ್ಟಿದ ‘ಸ್ವರಾಜ್ಯ’ ಎಂಬ ಉರ್ದು ವಾರಪತ್ರಿಕೆಯ ಸಂಪಾದಕರು ಒಬ್ಬರಾದ ಮೇಲೊಬ್ಬರು ಸೆರೆಗೆ ಹೋದರು. ಕೆಲವರಿಗೆ ಅಂಡಮಾನ್ ಆಯಿತು. ಸಂಪಾದಕ ಬೇಕೆಂದು ಆ ಪತ್ರಿಕೆ ಕೊಟ್ಟ ಜಾಹೀರಾತಿನ ಕಥೆ ಪ್ರಸಿದ್ಧವಾಗಿದೆ: ಸಂಬಳ ಎರಡು ಒಣ ರೊಟ್ಟಿ, ಒಂದು ಲೋಟ ತಣ್ಣೀರು, ಸಂಪಾದಕೀಯವೊಂದಕ್ಕೆ ಹತ್ತು ವರ್ಷ ಜೈಲು. ಜನ ಬಂದರು! ನಮ್ಮ ಭಾಷೆಯಲ್ಲಿ ‘ಸಂಪಾದಕ’ ಎಂಬ ಮಾತಿಗೆ ಸಂಪಾದಿಸುವವನು ಎಂಬ ಅರ್ಥವೂ ಹೊರಡುತ್ತದೆ. ಈ ಮಹನೀಯರು ಸಂಪಾದಿಸಿದ್ದು ಇದು.

ಇಷ್ಟಕ್ಕೂ ಈ ಗುಣ ಬಂದದ್ದು ಮನುಷ್ಯನಿಂದಲೋ ನೆಲದಿಂದಲೋ? ಬೆಂಜಮಿನ್ ಹಾರ್ನಿಮನ್ನರನ್ನು ನೋಡಿದಾಗ ನನಗೆ ಈ ಸಂದೇಹ ಬರುತ್ತದೆ. ಅವರು ಇಂಗ್ಲಿಷರು, ಅಲ್ಲಿಯ ಪತ್ರಿಕೆಗಳಲ್ಲಿ ಪಳಗಿದವರು. ಲಂಡನ್ನಿನಲ್ಲಿಯೇ ಉಳಿದಿದ್ದರೆ ಡಿಲೇನನ ಹಾಗೆ ‘ನಾವು’ ಎಂದು ಬರೆದುಕೊಂಡು, ಸಂಜೆ ಕ್ಲಬ್ಬಿಗೆ ಹೋಗಿ ಬದುಕಬಹುದಿತ್ತು. ಇಲ್ಲಿಗೆ ಬಂದು ‘ಬಾಂಬೆ ಕ್ರಾನಿಕಲ್’ ಪತ್ರಿಕೆಯ ಸಂಪಾದಕರಾದರು. ರೌಲಟ್ ಕಾಯಿದೆಯನ್ನೂ ಪಂಜಾಬಿನ ಅತ್ಯಾಚಾರಗಳನ್ನೂ ಖಂಡಿಸಿದ್ದಕ್ಕೆ 1919ರ ಏಪ್ರಿಲಿನಲ್ಲಿ ಸರಕಾರ ಅವರನ್ನು ಹಡಗಿಗೆ ಹತ್ತಿಸಿ ಊರಿಗೆ ಕಳಿಸಿತು. ತಿಲಕರನ್ನು ದೇಶದಿಂದ ಹೊರಕ್ಕೆ ಗಡೀಪಾರು, ಇವರನ್ನು ಸ್ವದೇಶಕ್ಕೆ ಗಡೀಪಾರು. 1926ರಲ್ಲಿ ಅವರು ಮತ್ತೆ ಇಲ್ಲಿಗೇ ಬಂದರು.

ಮೈಸೂರು ಸಂಸ್ಥಾನದಲ್ಲಿ ಮಂಡಾಲೆ ಇರಲಿಲ್ಲ. ಆದರೆ ಇಲ್ಲಿಗೂ 1908 ಒಳ್ಳೆಯ ವರ್ಷವಲ್ಲ. ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ ವೃತ್ತಪತ್ರಿಕೆಗಳ ಶಾಸನ ಬಂದು, ಸರಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸುವಂತಿಲ್ಲವಾಯಿತು. ‘ವೃತ್ತಾಂತ ಚಿಂತಾಮಣಿ’ಯ ಎಂ. ವೆಂಕಟಕೃಷ್ಣಯ್ಯನವರು, ನಮ್ಮ ತಾತಯ್ಯನವರು, ಅನುಮತಿ ಕೇಳುವುದಕ್ಕಿಂತ ಪತ್ರಿಕೆ ನಿಲ್ಲಿಸುವುದೇ ಲೇಸೆಂದು ನಿಲ್ಲಿಸಿಬಿಟ್ಟರು. ಅವರು ಉಪಾಧ್ಯಾಯರು, ಅನಾಥ ಮಕ್ಕಳಿಗೆ ನೆರಳಾದವರು. ಅವರಿಗೆ ಪತ್ರಿಕೆ ಹೊಟ್ಟೆಪಾಡಲ್ಲ, ಪಾಠದ ಮುಂದುವರಿಕೆ. ಕನ್ನಡದ ಹಳೆಯ ಸಂಪಾದಕರಲ್ಲಿ ಅನೇಕರು ಹೀಗೆಯೇ. ಅವರಿಗೆ ‘ನಿಮ್ಮ ವೃತ್ತಿ ಯಾವುದು’ ಎಂದು ಕೇಳಿದ್ದರೆ ‘ಪತ್ರಕರ್ತ’ ಎಂಬ ಉತ್ತರ ಬರುತ್ತಿತ್ತೋ ಇಲ್ಲವೋ.

ಈ ಪ್ರಶ್ನೆಯನ್ನು ಗಾಂಧೀಜಿಯವರಿಗೆ ನಿಜವಾಗಿಯೇ ಕೇಳಿದರು. 1922ರ ಮಾರ್ಚಿನಲ್ಲಿ ‘ಯಂಗ್ ಇಂಡಿಯಾ’ದ ಮೂರು ಲೇಖನಗಳಿಗಾಗಿ ಅವರನ್ನೂ ಪತ್ರಿಕೆಯ ಮುದ್ರಕ ಪ್ರಕಾಶಕರಾದ ಶಂಕರಲಾಲ್ ಬ್ಯಾಂಕರರನ್ನೂ ಅಹಮದಾಬಾದಿನಲ್ಲಿ ಕಟಕಟೆಗೆ ತಂದಿದ್ದರು. ಆ ಪತ್ರಿಕೆಯಲ್ಲಿ ತಮ್ಮ ಬರಹಗಳಿಗೆ ಎಂ.ಕೆ.ಜಿ. ಎಂಬ ಮೂರಕ್ಷರಗಳನ್ನು ಹಾಕುವುದು ಅವರ ರೂಢಿ. ಬರೆದವರು ಯಾರೆಂದು ಸಾಕ್ಷಿ ಹುಡುಕುವ ಕಷ್ಟವನ್ನು ಅವರು ಸರಕಾರಕ್ಕೆ ಕೊಡಲಿಲ್ಲ. ವೃತ್ತಿಯೇನೆಂದು ಕೇಳಿದ್ದಕ್ಕೆ, ತಾವು ರೈತ ಮತ್ತು ನೇಕಾರ ಎಂದು ಬರೆಯಿಸಿದರು. ನ್ಯಾಯಾಧೀಶ ಬ್ರೂಂಫೀಲ್ಡರು ತಿಲಕರ ಮೊಕದ್ದಮೆಯನ್ನು ನೆನೆದು ಅದೇ ಆರು ವರ್ಷ ಕೊಟ್ಟರು.

ಸ್ವಾತಂತ್ರ್ಯ ಬಂದ ಮೇಲೆ ರೈತನೂ ನೇಕಾರನೂ ಹೋಗಿ ನೌಕರ ಬಂದ. ಪತ್ರಿಕಾ ಆಯೋಗದ ವರದಿಯ ಬೆನ್ನಲ್ಲಿ 1955ರಲ್ಲಿ ಆದ ಕಾಯಿದೆಯಿಂದ ‘ಕಾರ್ಯನಿರತ ಪತ್ರಕರ್ತ’ ಎಂಬ ಪದ ನಮಗೆ ದಕ್ಕಿತು. ಉಳಿದ ಪತ್ರಕರ್ತರೇನು ಕಾರ್ಯವಿಲ್ಲದವರೇ ಎಂದು ತಮಾಷೆ ಮಾಡಬಹುದು; ಆದರೆ ಒಣ ರೊಟ್ಟಿಯ ಜಾಗದಲ್ಲಿ ಸಂಬಳ, ಕೆಲಸದ ವೇಳೆ, ರಜೆ, ಗ್ರಾಚ್ಯುಟಿ ಬಂದದ್ದನ್ನು ನಾನು ಹಗುರಮಾಡಲಾರೆ. ಅದರಲ್ಲಿ ಒಂದು ಅಂಶವನ್ನು ಹೆಚ್ಚು ಜನ ಗಮನಿಸಿಲ್ಲ. ಫ್ರಾನ್ಸಿನಲ್ಲಿ 1935ರ ಕಾನೂನು, ಪತ್ರಿಕೆ ತನ್ನ ನೀತಿಯನ್ನು ಬದಲಿಸಿ ಪತ್ರಕರ್ತನ ಮಾನಕ್ಕೆ ಕುಂದು ತಂದರೆ ಆತ ಪರಿಹಾರ ಪಡೆದು ಹೊರನಡೆಯಬಹುದೆಂದು ಹೇಳಿತ್ತು. ನಮ್ಮ ಕಾಯಿದೆ ಮೂರು ವರ್ಷ ದುಡಿದವನು ತಾನಾಗಿ ಬಿಟ್ಟುಹೋದರೂ ಗ್ರಾಚ್ಯುಟಿ ಕೊಡಬೇಕೆಂದಿತ್ತು. 1958ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. 1962ರ ತಿದ್ದುಪಡಿಯಲ್ಲಿ ಅದು ಬೇರೆ ರೂಪದಲ್ಲಿ ಮರಳಿ ಬಂತು: ಆತ್ಮಸಾಕ್ಷಿಯ ಕಾರಣದಿಂದ ರಾಜೀನಾಮೆ ಕೊಟ್ಟವನಿಗೆ ಮೂರು ವರ್ಷದ ಸೇವೆ ಸಾಕು. ಕಾರ್ಮಿಕ ಕಾನೂನಿನಲ್ಲಿ ಆತ್ಮಸಾಕ್ಷಿ ಎಂಬ ಮಾತನ್ನು ನೋಡಿ ನನಗೆ ಆಶ್ಚರ್ಯವೂ ಆಯಿತು, ಸಂತೋಷವೂ ಆಯಿತು.

ಅತ್ತ ‘ಟೈಮ್ಸ್’ ಕೂಡ 1967ರಲ್ಲಿ ತನ್ನ ವರದಿಗಾರರ ಹೆಸರನ್ನು ಅಚ್ಚುಹಾಕತೊಡಗಿತು. ಯಾವ ಸೇನಾಪತಿಯೂ ಕೇಳಿರಲಿಲ್ಲ. ಅದರ ಸಂಪಾದಕೀಯಕ್ಕೆ ಮಾತ್ರ ಹೆಸರು ಬರಲಿಲ್ಲ. ನಮ್ಮಲ್ಲಿಯೂ ಹಾಗೆಯೇ, ಹುಡುಗ ಕೇಳಿದ ಪ್ರಶ್ನೆಗೆ ಮೂಲ ಅಲ್ಲಿದೆ.

ಮುಂದಿನ ಪಾಠದ ದಿನ ಒಂದು ಪತ್ರಿಕೆಯನ್ನು ತರಗತಿಗೆ ತೆಗೆದುಕೊಂಡು ಹೋದೆ. ಅಚ್ಚಿನ ವಿವರವಿರುವ ಸಣ್ಣಕ್ಷರದ ಸಾಲನ್ನು ಆ ಹುಡುಗನಿಗೆ ತೋರಿಸಿ ಗಟ್ಟಿಯಾಗಿ ಓದಲು ಹೇಳಿದೆ. 1867ರ ಕಾಯಿದೆ ಹೋಗಿ 2024ರ ಮಾರ್ಚ್ 1ರಿಂದ ಹೊಸ ಕಾಯಿದೆ ಬಂದಿದ್ದರೂ ಆ ಸಾಲು ಹೋಗಿಲ್ಲ. ಮುದ್ರಕರು, ಪ್ರಕಾಶಕರು, ಮುದ್ರಣಾಲಯದ ವಿಳಾಸ, ಸಂಪಾದಕರು - ಒಂದೊಂದಾಗಿ ಓದಿ ಮುಗಿಸಿ, “ಇಷ್ಟು ದಿನ ಪೇಪರ್ ಓದಿದೀನಿ, ಇದನ್ನ ನೋಡೇ ಇರಲಿಲ್ಲ ಸಾರ್” ಎಂದ. ನಾನೂ ಅವನ ವಯಸ್ಸಿನಲ್ಲಿ ನೋಡಿರಲಿಲ್ಲ. ಪುಸ್ತಕ ತೆಗೆದು ಅಕ್ಕನ ವಚನಗಳನ್ನು ಮುಂದುವರಿಸಿದೆವು.